ಒಂದು ಸಾಲು ಸೇರಿಸಿ ನಲವತ್ತೊಂದು ಸಲ ಕರೆದದ್ದು

ತೆರೆಯ ಮೇಲೆ ಹಳದಿ ಅಕ್ಷರಗಳಲ್ಲಿ ಮೂಡುವ ಎಚ್ಚರಿಕೆಯನ್ನು ಕಂಡೂ ಕಾಣದಂತಿರುವುದು ಒಂದು ಸಿದ್ಧಿ. ಧಾರವಾಡದಿಂದ ಬಂದು ಜೋಗೇಶ್ವರಿಯ ಒಂದೇ ಚಾಳಿನಲ್ಲಿ, ಸಾಲುಖೋಲಿಗಳ ವಠಾರದಲ್ಲಿ, ಆಯುಷ್ಯ ಸವೆಸಿದ ನನ್ನ ದೊಡ್ಡಪ್ಪನಿಗೆ ಅದು ಒಲಿದಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಕೆಮ್ಮಿಗೂ ಆಕ್ಷೇಪವೆತ್ತಿ ಬೆಳೆದ ನನಗೆ ಒಲಿದಿಲ್ಲ.

ಎಚ್ಚರಿಕೆಯ ಮೂಲ, ದೊಡ್ಡಪ್ಪ ಕಂಪ್ಯೂಟರಿನಲ್ಲಿ ಬರೆಯಲು ಬಳಸುವ ಎಡಿಟರ್ ಎಂಬ ತಂತ್ರಾಂಶಕ್ಕೆಂದು ಬಹಳ ಹಿಂದೆ ಬರೆದುಕೊಂಡಿದ್ದ ಪುಟ್ಟ ಪ್ರೋಗ್ರಾಮು. ಕೀಲಿಯೊಂದನ್ನು ಒತ್ತಿದರೆ ಅದು ಪಟ್ಟಿಯಲ್ಲಿರುವ ಒಬ್ಬೊಬ್ಬರ ಹೆಸರನ್ನೂ ಪತ್ರದ ನೆತ್ತಿಗೆ ಹಚ್ಚಿ ಅವರವರಿಗೆ ಈಮೇಲ್ ಮಾಡುತ್ತದೆ. ಚಾಳನ್ನು ಕೆಡವಿ ಬಿಲ್ಡಿಂಗ್ ಎಬ್ಬಿಸುವವರು ಬರುವ ಮುನ್ನ, ಎರಡನೇ ಮಾಳಿಗೆಯಲ್ಲಿ ಎಂದಾದರೂ ಬಾಳಿದ ಎಲ್ಲರನ್ನೂ ಭಾನುವಾರ ಕರೆದು, ಖೋಲಿಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಸಾಲಾಗಿ ಕೂರಿಸಿ ಊಟ ಹಾಕಬೇಕೆಂಬುದು ದೊಡ್ಡಪ್ಪನ ಮಹದಾಸೆ. ಒಟ್ಟು ನಲವತ್ತೊಂದು ಮನೆ. ಪಟ್ಟಿಯಲ್ಲಿಲ್ಲದವರು ಪಕ್ಕದ ಖೋಲಿಯಲ್ಲಿದ್ದ ಸದಾನಂದ ಶೆಟ್ಟರೊಬ್ಬರೇ. ಗ್ಯಾಲರಿಯ ಬಲ್ಬ್ ಬದಲಿಸುವ ಸರದಿ ಯಾರದೆಂಬ ಘನವಿಷಯದಲ್ಲಿ ಮಾತು ಬಿಟ್ಟ ಆ ಇಬ್ಬರೂ, ಶೆಟ್ಟರು ಗೋರೆಗಾಂವ್‌ಗೆ ಹೋಗಿ ವರ್ಷಗಳಾದರೂ ಮೌನವನ್ನು ಶ್ರದ್ಧೆಯಿಂದ ಕಾಪಾಡಿಕೊಂಡಿದ್ದರು.

ದೊಡ್ಡಪ್ಪನ ಪ್ರೋಗ್ರಾಮು ಚಾಳಿನ ಧರ್ಮದ್ದು. ಅದರ ಒಂದು ತುಣುಕಿಗೆ ಹೆಸರು ಬೇಕಾದರೆ, ತನ್ನನ್ನು ಕೆಲಸಕ್ಕೆ ಕರೆದ ತುಣುಕಿನ ಮನೆಗೆ ನುಗ್ಗಿ ಎತ್ತಿಕೊಳ್ಳುತ್ತದೆ. ಚಹಾ ಕುದಿಯುವಾಗ ಸಕ್ಕರೆ ಮುಗಿದರೆ ಪಕ್ಕದ ಖೋಲಿಗೆ ಬಟ್ಟಲು ಹಿಡಿದು ಹೋದಂತೆ. ಎಡಿಟರಿನ ಹೊಸ ಆವೃತ್ತಿಯಾದರೋ ಫ್ಲ್ಯಾಟಿನ ನೀತಿಯದು. ಲೆಕ್ಸಿಕಲ್ ಎನ್ನುವ ಆ ಕ್ರಮದಲ್ಲಿ ಪ್ರತಿ ತುಣುಕಿಗೂ ತನ್ನ ಗೋಡೆ, ತನ್ನ ಬಾಗಿಲು. ಕರೆದವರ ಅಡುಗೆಮನೆ ಕಾಣುವುದೇ ಇಲ್ಲ. ಯಾವ ಕ್ರಮ ಬೇಕೆಂದು ಕಡತದ ಮೊದಲ ಸಾಲಿನಲ್ಲಿ ಹೇಳಿಬಿಡಿ ಎಂಬುದಷ್ಟೇ ಆ ಎಚ್ಚರಿಕೆಯ ವಿನಂತಿ.

"ಐದೇ ನಿಮಿಷ ದೊಡ್ಡಪ್ಪ, ಒಂದೇ ಸಾಲು," ಎಂದೆ.

"ಮುಟ್ಟಬ್ಯಾಡವಾ. ನಡ್ಯಾಕತ್ತದಲ್ಲ, ನಡೀಲಿ."

"ನಡೀತಿದೆ ಅನ್ನೋದು ಸರಿಯಾಗಿದೆ ಅನ್ನೋದಕ್ಕೆ ಪುರಾವೆ ಅಲ್ಲ!"

ಇಂಥ ವಾಕ್ಯಕ್ಕೆ ನನಗೆ ಹಿಂದೆ ಬಹುಮಾನ ಬಂದದ್ದುಂಟು. ಫ್ಲ್ಯಾಟಿನ ಕ್ರಮವೇ ಇರಲಿ ಎಂಬ ಸಾಲು ಸೇರಿಸಿದೆ. ಎಚ್ಚರಿಕೆ ಮಾಯವಾಯಿತು. ವಿಜಯೋನ್ಮಾದದಲ್ಲಿ, ಪರೀಕ್ಷೆ ಎಂಬ ಪದವನ್ನೇ ಮರೆತು, ಕೀಲಿ ಒತ್ತಿದೆ.

ಮೊದಲ ಫೋನು ಆಂಟಾಪ್ ಹಿಲ್‌ನಿಂದ, ಹಿಂದೆ ಎದುರು ಖೋಲಿಯಲ್ಲಿದ್ದ ಶಾಂತಾ ಆಂಟಿಯದು. "ಅರೇ, ಶೆಟ್ಟರ ಚಿಟ್ಠಿ ನನಗ್ಯಾಕೆ ಬಂತು? ಅವರಿಗೆ ಫಾರ್ವರ್ಡ್ ಮಾಡಿದೀನಿ, ಟೆನ್ಶನ್ ತಗೋಬೇಡಿ."

ನೀವೇ ಹೇಳಿ, ಟೆನ್ಶನ್ ತಗೊಳ್ಳದೆ ಇನ್ನೇನು ತಗೊಳ್ಳಲಿ? ಗೋಡೆ ಎದ್ದೊಡನೆ ಪತ್ರ ಬರೆಯುವ ತುಣುಕಿಗೆ ಪಟ್ಟಿಯ ಹೆಸರು ಕಾಣದೆ, ಕಡತದ ತಳದಲ್ಲಿ ಎಂದೋ ಬರೆದಿಟ್ಟ ಹೆಸರೊಂದು ಕೈಗೆ ಸಿಕ್ಕಿತ್ತು; ನಲವತ್ತೊಂದೂ ಪತ್ರಗಳು 'ಆತ್ಮೀಯ ಸದಾನಂದ ಶೆಟ್ಟರೇ' ಎಂದೇ ಶುರುವಾಗಿದ್ದವು. ಪರರ ಟಪಾಲು ತಪ್ಪಿ ಬಂದರೆ ಅವರ ಬಾಗಿಲಿಗೆ ಮುಟ್ಟಿಸಿಯೇ ಮುಂದಿನ ಕೆಲಸ ಎಂಬುದು ಚಾಳಿನ ಸಂಸ್ಕಾರ. ನಲವತ್ತೊಂದೂ ಮನೆಯವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಅಂದರೆ ಊಟಕ್ಕೆ ಯಾರೂ ಬರುವಂತಿರಲಿಲ್ಲ, ಕರೆಯಬಾರದವರೊಬ್ಬರನ್ನು ಬಿಟ್ಟು.

"ತಳದಲ್ಲಿ ಅವರ ಹೆಸರು ಯಾಕಿತ್ತು?" ಎಂದು ಪಾಟೀಸವಾಲಿಗೆ ಇಳಿದೆ.

ದೊಡ್ಡಪ್ಪ ಕಿಟಕಿಯತ್ತ ತಿರುಗಿದರು. "ಇದನ್ನ ಬರಿಯುವಾಗ ಬಾಜೂಕ ಅವನ ಕುಂತಿದ್ದ. ಪರೀಕ್ಷಾ ಮಾಡಾಕ ಮತ್ತ್ಯಾರ ಹೆಸರು ಹಾಕ್ಲಿ?"

ಒಂದು ತುಣುಕು ಇನ್ನೊಂದಕ್ಕೆ ಹೆಸರನ್ನು ಕೈಯಾರೆ ದಾಟಿಸುವಂತೆ ತಿದ್ದಿ, ಈ ಸಲ ನನಗೇ ಒಂದು ಪತ್ರ ಹಾಕಿಕೊಂಡು ನೋಡಿ, ಎಲ್ಲರಿಗೂ ಮತ್ತೆ ಕಳಿಸಿದೆ. ಶೆಟ್ಟರಿಗೊಂದು ತಪ್ಪೊಪ್ಪಿಗೆ ಬರೆಯಲೇ ಎಂದದ್ದಕ್ಕೆ, "ಬ್ಯಾಡ. ನಿನ್ನ ಐದ ಮಿನಿಟ ಮುಗದಾವು," ಎಂದರು.

ಭಾನುವಾರ ಗ್ಯಾಲರಿ ತುಂಬಿತು. ಎರಡನೇ ಸುತ್ತಿನ ಅನ್ನ ಬರುವ ಹೊತ್ತಿಗೆ ಮೆಟ್ಟಿಲ ತುದಿಯಲ್ಲಿ ಏದುಸಿರು ಬಿಡುತ್ತ ಶೆಟ್ಟರು, ಕೈಯಲ್ಲಿ ಫೋನು.

"ಎಂತ ಮಾರಾಯ್ರೆ ಇದು! ಒಮ್ಮೆ ಕರೆದ್ರೆ ನಾನು ಬರ್ತಿರ್ಲಿಲ್ವಾ? ನಲವತ್ತೊಂದು ಸಲವಾ? ಅದೂ ಊರವರೆಲ್ಲರ ಕೈಯಲ್ಲಿ ಹೇಳಿಸಿ?"

ಸತ್ಯನಿಷ್ಠೆಯಿಂದ ನಾನು ಎದ್ದುನಿಂತೆ. "ಅಂಕಲ್, ಆಕ್ಚುಲಿ ಅದು—"

"ನೀ ಸುಮ್ಮನ ಕೂಡು," ಎಂದರು ದೊಡ್ಡಪ್ಪ. ತಮ್ಮ ಎಲೆಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು, ಶೆಟ್ಟರತ್ತ ನೋಡದೆಯೇ ಗದರಿದರು: "ನಲವತ್ತೊಂದ ಸಲ ಕರದ ಮ್ಯಾಲೂ ತಡಾ ಮಾಡಿ ಬಂದ್ರಲ್ಲರೀ. ಸಾರು ಆರಾಕತ್ತದ, ಕೂಡ್ರಿ."