ಬಲಗೈಗೆ ಕಟ್ಟಿದ ದಾರ

ಲಂಡನ್ನಿನ ನಮ್ಮ ಕನ್ನಡದವರ ಕೂಟಗಳಲ್ಲಿ ಊಟ ಮುಗಿದ ಮೇಲೆ ಯಾರಾದರೊಬ್ಬರು ದೆವ್ವದ್ದೋ ಶಕುನದ್ದೋ ಮಾತು ತೆಗೆಯುತ್ತಾರೆ. ಆಗ ತಟ್ಟೆ ಹಿಡಿದುಕೊಂಡು ಎದ್ದು ಬೇರೆ ಗುಂಪಿಗೆ ಹೋಗುವವನು ನಾನು. ಓದಿದ್ದು ಮೈಸೂರಿನಲ್ಲಿ, ಎಂಜಿನಿಯರಿಂಗ್. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಕಾರಣವಿಲ್ಲದೆ ಯಾವುದೂ ಆಗುವುದಿಲ್ಲ, ಕಾರಣ ಸಿಗಲಿಲ್ಲವೆಂದರೆ ನೀವು ಹುಡುಕಿದ್ದು ಸಾಲದು ಎಂದು ಕಿರಿಯ ಸಹೋದ್ಯೋಗಿಗಳಿಗೆ ಹೇಳಿ ಹೇಳಿ ಅವರ ತಲೆ ತಿಂದಿದ್ದೇನೆ. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಓದುತ್ತ ನಿಮಗೇನಾದರೂ ಕಾರಣ ಹೊಳೆದರೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ನನ್ನ ಹೆಂಡತಿ ಗಿರಿಜಾ ಧಾರವಾಡದವಳು. ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ನಮ್ಮ ಮನೆಯಲ್ಲಿ ಬೈಕ್ ಓಡಿಸುವವಳು ಅವಳು, ಹಿಂದೆ ಕೂರುವವನು ನಾನು. ಕಾಲೇಜಿಗೆ ಹೋಗುವಾಗಲೇ ಅಪ್ಪನ ಬೈಕಿನಲ್ಲಿ ಹುಬ್ಬಳ್ಳಿ ಧಾರವಾಡ ಓಡಾಡಿದವಳು. ಇಲ್ಲಿಗೆ ಬಂದ ಮೇಲೆ ಮತ್ತೆ ಪರೀಕ್ಷೆ ಕೊಟ್ಟು ದೊಡ್ಡ ಗಾಡಿಯ ಲೈಸೆನ್ಸ್ ತೆಗೆದುಕೊಂಡಳು. ಬೆಂಗಳೂರಿನ ಗೆಳೆಯರು ಸಿಕ್ಕಾಗಲೆಲ್ಲ "ಏನ್ ಗುರು, ಬ್ಯಾಕ್ ಸೀಟ್ ಆರಾಮಾಗಿದ್ಯಾ?" ಎಂದು ಕೇಳುತ್ತಿದ್ದರು. ಆರಾಮಾಗಿಯೇ ಇತ್ತು. ಅವಳ ಕೈಯಲ್ಲಿ ಗಾಡಿಯಿದ್ದಾಗ ನನಗೆ ಎಂದೂ ಹೆದರಿಕೆಯಾಗಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಅವಳಿಗೆ ಆಲ್ಪ್ಸ್ ಬೆಟ್ಟಗಳ ಘಾಟಿ ರಸ್ತೆಗಳಲ್ಲಿ ಬೈಕ್ ಓಡಿಸಬೇಕೆಂಬ ಹುಚ್ಚು ಹತ್ತಿತು. ಡೋವರಿನಿಂದ ಹಡಗಿನಲ್ಲಿ ಫ್ರಾನ್ಸಿಗೆ ದಾಟಿ, ಅಲ್ಲಿಂದ ಸ್ವಿಟ್ಜರ್ಲೆಂಡ್. ಆಸ್ಪತ್ರೆಯವರು ಇಬ್ಬರು ಸಹೋದ್ಯೋಗಿಗಳ ಜೊತೆ ಪಾಳಿ ಬದಲಾಯಿಸಿಕೊಟ್ಟು, ಅಂತೂ ರಜೆ ಕೊಟ್ಟರು. ಲಂಡನ್ನಿನ ಅಂಚಿನ ಇಲ್ಫರ್ಡಿನಲ್ಲಿ ನಮ್ಮ ಮನೆಯ ಮುಂದಿನ ಚಿಕ್ಕ ಅಂಗಳದಲ್ಲಿ ಒಂದು ತಿಂಗಳು ಇದೇ ಸಂಭ್ರಮ. ಬೈಕಿನ ಎರಡೂ ಬದಿಗೆ ಪೆಟ್ಟಿಗೆ ಕೂರಿಸಿದ್ದಾಯಿತು, ಟೈರ್ ಬದಲಿಸಿದ್ದಾಯಿತು. ಎರಡು ಹೆಲ್ಮೆಟ್ಟುಗಳಿಗೂ ಇಂಟರ್‌ಕಾಮ್ ಹಾಕಿಸಿದೆವು. ಅದೊಂದು ಬೆರಳುದ್ದದ ಯಂತ್ರ; ಓಡುವಾಗ ಮುಂದೆ ಕೂತವರೂ ಹಿಂದೆ ಕೂತವರೂ ಕಿವಿಯಲ್ಲೇ ಮಾತಾಡಿಕೊಳ್ಳಬಹುದು.

ಆ ದಿನಗಳಲ್ಲಿ ಅತ್ತೆ ನಮ್ಮ ಜೊತೆಗಿದ್ದರು, ಬೇಸಿಗೆ ಕಳೆಯಲು ಬಂದಿದ್ದರು. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಎಲ್ಲ ಕಟ್ಟಿ ಪೆಟ್ಟಿಗೆಯ ಪಕ್ಕ ಸಾಲಾಗಿ ಇಟ್ಟಿದ್ದರು. ಪೇಢೆಯ ಡಬ್ಬಿಯನ್ನು ಮಾತ್ರ ಗಿರಿಜಾ ತೆಗೆದಿಟ್ಟಳು. ಹಾಲಿನ ತಿಂಡಿಯನ್ನು ಇಲ್ಲಿಂದ ಫ್ರಾನ್ಸಿಗೆ ಒಯ್ಯುವಂತಿಲ್ಲ ಎಂದು ನಾನು ತಿಳಿಸಿ ಹೇಳಿದೆ. "ಧಾರವಾಡದಿಂದ ಲಂಡನ್ನಿಗೆ ಬಂದದ್ದು ಅಲ್ಲಿಗೆ ಹೋದರ ಏನ್ ಕೆಡ್ತದ್ರಿ ಅಳಿಯಾರ? ಪೇಢೇದಾಗ ಬಾಂಬ್ ಅದ ಏನು?" ಎಂದು ಅತ್ತೆ ಸಿಟ್ಟಾದರು. ಅವರ ಸಿಟ್ಟು ಪೇಢೆಯ ಮೇಲಷ್ಟೇ ಇರಲಿಲ್ಲ. ಈ ಪ್ರಯಾಣವೇ ಅವರಿಗೆ ಬೇಡವಾಗಿತ್ತು.

ಆದರೂ ಹೊರಡುವ ಹಿಂದಿನ ದಿನ, ಒಂದು ಶನಿವಾರ ಬೆಳಿಗ್ಗೆ, ಬೈಕಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದರು. ಪಕ್ಕದ ಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ಪೂಜೆಯಾದ ಮೇಲೆ ಮಗಳ ಕೈಗೆ ಕಟ್ಟಲು ಒಂದು ಅರಿಶಿನದ ದಾರ ತೆಗೆದರು. ಗಿರಿಜಾ ಬಲಗೈ ಚಾಚಿದಳು.

"ಹೆಣ್ಮಕ್ಕಳಿಗೆ ಎಡಗೈಗೆ ಕಟ್ಟೂದು," ಅಂದರು ಅತ್ತೆ.

"ಇರಲಿ ಅವ್ವ, ಬಲಗೈಗೇ ಕಟ್ಟು. ನನಗ ಗುರ್ತಿಗೆ ಬೇಕು."

ಗುರುತು ಯಾತಕ್ಕೆಂದರೆ, ಬ್ರಿಟನ್ನಿನಲ್ಲಿ ನಮ್ಮೂರಿನ ಹಾಗೆಯೇ ರಸ್ತೆಯ ಎಡಕ್ಕೆ ಗಾಡಿ ಓಡಿಸಬೇಕು. ಸಮುದ್ರ ದಾಟಿದರೆ ಬಲಕ್ಕೆ. ಜೀವಮಾನವೆಲ್ಲ ಎಡಕ್ಕೆ ಓಡಿಸಿದವಳಿಗೆ ಇದ್ದ ಒಂದೇ ಅಳುಕು ಇದು. ಸಂಜೆ ಹೊತ್ತು ನಿಂತ ಬೈಕಿನ ಮೇಲೆ ಕಣ್ಣು ಮುಚ್ಚಿ ಕೂತು, ವೃತ್ತಗಳನ್ನೂ ತಿರುವುಗಳನ್ನೂ ನೆನೆಸಿಕೊಂಡು, ಬಲಕ್ಕ, ಬಲಕ್ಕ ಎಂದು ಅಭ್ಯಾಸ ಮಾಡುತ್ತಿದ್ದಳು. ಈಗ ಅದಕ್ಕೊಂದು ದಾರವೂ ಸಿಕ್ಕಿತು. ಗ್ಲೌಸಿಗೂ ಜಾಕೆಟ್ಟಿನ ತೋಳಿಗೂ ನಡುವೆ ಹಳದಿ ಕಾಣುವ ಹಾಗೆ ಕಟ್ಟಿಸಿಕೊಂಡಳು. ದಾರದ ಕಡೆ ಹೋಗುವುದು, ಅಷ್ಟೇ. ಅತ್ತೆ ಗಂಟು ಹಾಕಿದರು, ಆದರೆ ಎಂದಿನಂತೆ ಹರಸಲಿಲ್ಲ.

ಮಧ್ಯಾಹ್ನ ಎರಡು ಕೆಲಸ ಉಳಿದಿದ್ದವು. ಪೆಟ್ಟಿಗೆಗಳ ಭಾರಕ್ಕೆ ತಕ್ಕಂತೆ ಟೈರಿಗೆ ಗಾಳಿ ತುಂಬಿಸಿ ಪೆಟ್ರೋಲ್ ಹಾಕಿಸಬೇಕಿತ್ತು. ಜೊತೆಗೆ ಹೆಡ್‌ಲೈಟಿಗೆ ಅಂಟಿಸುವ ಸ್ಟಿಕ್ಕರ್ ಬೇಕಿತ್ತು. ಇಲ್ಲಿಯ ಗಾಡಿಗಳ ಬೆಳಕು ಅಲ್ಲಿ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದಂತೆ, ಅದನ್ನು ತಡೆಯಲು. ಬಂಕು ನಮ್ಮ ಮನೆಯಿಂದ ನಡೆದರೆ ಇಪ್ಪತ್ತು ನಿಮಿಷದ ದಾರಿ. ಅದರ ಎದುರಿಗೇ ಗಾಡಿಯ ಬಿಡಿಭಾಗಗಳ ಅಂಗಡಿ. ನಾನು ನಡೆದುಕೊಂಡು ಮೊದಲೇ ಹೊರಟೆ. ನನ್ನ ಹೆಲ್ಮೆಟ್ಟನ್ನು ಮುಂದಿನ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿದ್ದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಸ್ಟಿಕ್ಕರ್ ಕೊಂಡು ಅಂಗಡಿಯ ಬಾಗಿಲಿಗೆ ಬಂದಾಗ ಗಿರಿಜಾ ಎದುರಿನ ಬಂಕಿನಲ್ಲಿ ಕೆಲಸ ಮುಗಿಸಿ ಹೊರಡುತ್ತಿದ್ದಳು. ನನ್ನನ್ನು ಕಂಡು ಕೈಯೆತ್ತಿದಳು. ಮನೆಗೆ ಹೋಗಲು ಅವಳು ಬಂಕಿನಿಂದ ಬಲಕ್ಕೆ ತಿರುಗಬೇಕು. ಅಂದರೆ ಹತ್ತಿರದ ಅರ್ಧ ರಸ್ತೆಯನ್ನು ದಾಟಿ, ನಾನು ನಿಂತ ಬದಿಗೆ ಬಂದು ಸೇರಬೇಕು. ಆ ಹೊತ್ತಿಗೆ ರಸ್ತೆಯಲ್ಲಿ ಒಂದೂ ಗಾಡಿಯಿರಲಿಲ್ಲ. ಅವಳು ದಾಟಲಿಲ್ಲ. ತಲೆ ಬಗ್ಗಿಸಿ ಒಮ್ಮೆ ಮುಂಗೈ ನೋಡಿಕೊಂಡು, ಬಲಕ್ಕೆ ತಿರುಗಿ, ಅದೇ ಬದಿಯ ಪಾದಚಾರಿ ದಾರಿಯ ಅಂಚಿಗೆ ಅಂಟಿಕೊಂಡು ಹೊರಟುಬಿಟ್ಟಳು. ಫ್ರಾನ್ಸಿನಲ್ಲಾಗಿದ್ದರೆ ಅದು ಸರಿ. ಇಲ್ಲಿ ಅವಳು ಎದುರು ಬರುವವರ ದಾರಿಯಲ್ಲಿದ್ದಳು. ಸ್ವಲ್ಪ ಮುಂದೆ ರಸ್ತೆ ತಿರುಗುತ್ತದೆ, ತಿರುವಿನಾಚೆ ಏನೂ ಕಾಣುವುದಿಲ್ಲ. ಆ ಕಡೆಯಿಂದ ದೊಡ್ಡ ಲಾರಿಯೊಂದು ಬರುತ್ತಿರುವ ಸದ್ದು ನನಗೆ ಕೇಳಿಸಿತು.

ನನಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಬಾಯಿ ತೆರೆದೆ. ದನಿ ಬರಲಿಲ್ಲ. ಕೈ ಎತ್ತಬೇಕೆಂದುಕೊಂಡೆ, ಸ್ಟಿಕ್ಕರಿನ ಪೊಟ್ಟಣ ಹಿಡಿದಿದ್ದ ಕೈ ಇದ್ದಲ್ಲೇ ಇತ್ತು. ಹೆದರಿದಾಗ ಜನ ಕಿರುಚುತ್ತಾರೆ, ಓಡುತ್ತಾರೆ ಎಂದುಕೊಂಡಿದ್ದೆ. ನನ್ನ ಮೈಯಲ್ಲಿ ಕಣ್ಣು ಬಿಟ್ಟರೆ ಬೇರೆ ಯಾವುದೂ ನನ್ನ ಮಾತು ಕೇಳಲಿಲ್ಲ. ಅವಳ ಹಳದಿ ಜಾಕೆಟ್ಟಿನ ಬೆನ್ನು ತಿರುವಿನ ಕಡೆಗೆ ಹೋಗುತ್ತಿರುವುದನ್ನು ನೋಡುತ್ತ ನಿಂತಿದ್ದೆ. ಇಂದಿಗೂ ಕಣ್ಣು ಮುಚ್ಚಿದರೆ ಆ ಬೆನ್ನು ಹೋಗುತ್ತಲೇ ಇರುತ್ತದೆ.

ಆಮೇಲೆ ಬೈಕ್ ಎಡಕ್ಕೆ ವಾಲಿತು. ಲಾರಿಯ ಮೂತಿ ಇನ್ನೂ ತಿರುವಿನಿಂದ ಹೊರಗೆ ಬಂದಿರಲಿಲ್ಲ. ಬೈಕ್ ಮೊದಲು ವಾಲಿತು, ಲಾರಿ ಆಮೇಲೆ ಕಂಡಿತು. ಇದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದರೂ ಕ್ರಮ ಬದಲಾಗುವುದಿಲ್ಲ. ಗಿರಿಜಾ ರಸ್ತೆಯನ್ನು ಅಡ್ಡಕ್ಕೆ ದಾಟಿ ಈಚೆ ಬದಿಗೆ ಬರುತ್ತಿದ್ದಂತೆ ಲಾರಿ ಹಾರ್ನ್ ಹೊಡೆಯುತ್ತ ಅವಳ ಪಕ್ಕದಲ್ಲೇ ಹಾದುಹೋಯಿತು. ಬಲಬದಿಯ ಪೆಟ್ಟಿಗೆಗೆ ಅದರ ಹಿಂಭಾಗ ಸವರಿದ ಸದ್ದು ನನ್ನವರೆಗೂ ಕೇಳಿಸಿತು.

ಕಾಲು ಬಂದ ಮೇಲೆ ಓಡಿದೆ. ಅವಳು ಎಡಬದಿಗೆ ಬೈಕ್ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡಲ್ ಬಿಡದೆ ಕೂತಿದ್ದಳು. ಹೆಲ್ಮೆಟ್ಟಿನ ಗಾಜು ಮೇಲೆತ್ತಿ ನನ್ನ ಮುಖ ನೋಡಿದಳು.

"ಛಲೋ ಆತ್ರಿ, ನೀವು ಹೇಳಿದ್ದು," ಅಂದಳು.

"ನಾನೇನೂ ಹೇಳಲಿಲ್ಲ."

"ಕಿವಿಯಾಗ ಹೇಳಿದ್ರಲ್ಲ. ಗಿರಿಜಾ, ಎಡಕ್ಕೆ ಬಾ ಅಂತ."

ಆಗ ಅವಳ ಕಣ್ಣು ನನ್ನ ಬರಿ ತಲೆಯ ಮೇಲೆ ನಿಂತಿತು. "ನಿಮ್ಮ ಹೆಲ್ಮೆಟ್ ಎಲ್ಲಿ ಅದ?" ಎಂದು ಕೇಳಿದಳು. ಮನೆಯಲ್ಲಿದೆ ಅಂದೆ. ಹಾಗಾದರೆ ಅಂಗಡಿಯ ಬಾಗಿಲಿನಿಂದಲೇ ಕೂಗಿರಬೇಕು ಎಂದಳು. ನನ್ನ ಹಿಂದೆಯೇ ಓಡಿಬಂದಿದ್ದ ಅಂಗಡಿಯ ಮಾಲೀಕ, ವಯಸ್ಸಾದ ಪಂಜಾಬಿ, ಅಷ್ಟು ಹೊತ್ತೂ ನನ್ನ ಪಕ್ಕದಲ್ಲೇ ನಿಂತಿದ್ದನಂತೆ. ನಾನು ಕೂಗಿದೆನೇ ಎಂದು ಅವನನ್ನೇ ಕೇಳಿದೆ. ನೀನು ಉಸಿರೂ ಬಿಡಲಿಲ್ಲ, ಗೊಂಬೆಯ ಹಾಗೆ ನಿಂತಿದ್ದೆ ಎಂದ. ಗಿರಿಜಾ ಅವನ ಮಾತನ್ನೂ ಒಪ್ಪಲಿಲ್ಲ. ಕೂಗಿದ ದನಿಯೇ ಅಲ್ಲವಂತೆ ಅದು. ಪಕ್ಕದಲ್ಲಿ ಕೂತವರು ಸಮಾಧಾನವಾಗಿ ಹೇಳಿದ ಹಾಗಿತ್ತಂತೆ.

ಮನೆಯವರೆಗೆ ಅವಳು ನಡಿಗೆಯ ವೇಗದಲ್ಲಿ ಬೈಕ್ ಓಡಿಸಿದಳು, ನಾನು ಪಕ್ಕದ ಪಾದಚಾರಿ ದಾರಿಯಲ್ಲಿ ನಡೆದೆ. ಪ್ರತಿ ಮೂಲೆಯಲ್ಲೂ ನಿಂತು ನನಗಾಗಿ ಕಾದಳು. ನಮ್ಮ ಬೀದಿಯ ಅಂಚೆ ಡಬ್ಬಿ ದಾಟಿದ ಕೂಡಲೇ ಗಕ್ಕನೆ ಬ್ರೇಕ್ ಹಾಕಿದಳು. ಅವಳ ಹೆಲ್ಮೆಟ್ಟಿನೊಳಗೆ ಆ ಯಂತ್ರದ ಹೆಣ್ಣುದನಿ, ಎರಡೂ ಹೆಲ್ಮೆಟ್ಟುಗಳ ಸಂಪರ್ಕ ಈಗ ಕೂಡಿತು ಎಂದು ಸಾರಿತ್ತು. ಈಗ ಕೂಡಿತು ಎಂದರೆ ಅಲ್ಲಿಯವರೆಗೆ ಕೂಡಿರಲಿಲ್ಲ ಎಂದಾಯಿತು. ಇಬ್ಬರೂ ಒಳಗೆ ಹೋದೆವು. ನನ್ನ ಹೆಲ್ಮೆಟ್ ಕಿಟಕಿಯ ಕಟ್ಟೆಯ ಮೇಲೆ, ಇಟ್ಟಲ್ಲೇ ಇತ್ತು.

ಅತ್ತೆಗೆ ಹೇಳಬಾರದೆಂದುಕೊಂಡಿದ್ದೆವು. ಪೆಟ್ಟಿಗೆಯ ಮೇಲಿನ ಗೀರು ನೋಡಿ ಅವರೇ ಕೇಳಿದರು. ಗಿರಿಜಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಬೈಯುತ್ತಾರೆ, ಪ್ರಯಾಣ ಬೇಡವೆನ್ನುತ್ತಾರೆ ಎಂದು ಕಾದೆ. ಅವರು ಹಾಗೆ ಹೇಳಲೆಂದೇ ಕಾದೆ. ಅವರು ಮಗಳ ಬಲಗೈ ಹಿಡಿದು ದಾರ ಬಿಚ್ಚಿದರು, ಎಡಗೈಗೆ ಕಟ್ಟಿದರು, ಈ ಸಲ ತಲೆಯ ಮೇಲೆ ಕೈಯಿಟ್ಟರು.

ಪ್ರಯಾಣ ಬಿಡೋಣ ಎಂದು ನಾನು ಬೇಡಿಕೊಂಡೆ. ಈಗ ಬಿಟ್ಟರೆ ತಾನು ಮತ್ತೆಂದೂ ಬೈಕ್ ಮುಟ್ಟುವುದಿಲ್ಲ ಎಂದಳು ಗಿರಿಜಾ. ಅದೂ ನಿಜವೇ ಇತ್ತು. "ದಾರದ ಉಸಾಬರಿ ಬ್ಯಾಡ. ನೀವು ಹಿಂದ ಕೂತು ಬಲಕ್ಕ ಬಲಕ್ಕ ಅಂತ ಹೇಳ್ರಿ, ಸಾಕು. ಇವತ್ತು ಹೇಳಿದಂಗ." ನಾನು ಹೇಳಲಿಲ್ಲ, ನನಗೆ ಹೇಳಲಾಗಲಿಲ್ಲ ಎಂದು ಮತ್ತೊಮ್ಮೆ ಹೇಳಿದೆ. ಅವಳು ನಕ್ಕು ನನ್ನ ಭುಜ ತಟ್ಟಿದಳು. ನಾನು ನಿಜ ಹೇಳಿದಷ್ಟೂ ಅವಳಿಗೆ ನನ್ನ ಮೇಲೆ ಅಕ್ಕರೆ ಹೆಚ್ಚುತ್ತಿತ್ತು, ಅದನ್ನು ತಡೆಯುವ ದಾರಿ ನನಗೆ ಕಾಣಲಿಲ್ಲ.

ಆ ಸಂಜೆ ನನ್ನ ಹೆಲ್ಮೆಟ್ಟನ್ನು ಕಟ್ಟೆಯ ಮೇಲೇ ಬಿಟ್ಟು, ಅವಳದನ್ನು ಹಾಕಿಕೊಂಡು ಬೀದಿಯಲ್ಲಿ ನಡೆದು ನೋಡಿದೆ. ಅಂಚೆ ಡಬ್ಬಿಯ ಹತ್ತಿರ ಸಂಪರ್ಕ ಕಡಿಯಿತು. ಎಷ್ಟು ಸಲ ನಡೆದರೂ ಅಲ್ಲೇ. ಕೊನೆಗೆ ಒಂದು ಉತ್ತರ ಮಾಡಿಕೊಂಡೆ: ತಪ್ಪು ಬದಿಯಲ್ಲಿದ್ದೇನೆಂದು ಅವಳ ಮನಸ್ಸಿಗೇ ಹೊಳೆದಿದೆ, ಅದು ನನ್ನ ದನಿಯಲ್ಲಿ ಕೇಳಿಸಿದೆ. ಹಿಂದೆ ಕೂತವನು ಸದಾ ನಾನೇ ಅಲ್ಲವೆ, ಅದಕ್ಕೆ. ಇದರಲ್ಲಿ ಸ್ವಲ್ಪ ನೆಮ್ಮದಿಯಿತ್ತು.

ಮರುದಿನ ಹೊರಟೆವು. ಹಡಗಿನಿಂದ ಇಳಿದದ್ದೇ ನಾನು ಶುರು ಮಾಡಿದೆ. ವೃತ್ತ ಕಂಡರೆ ಬಲಕ್ಕೆ, ಬಂಕಿನಿಂದ ಹೊರಟರೆ ಬಲಕ್ಕೆ, ಖಾಲಿ ರಸ್ತೆ ಕಂಡರೆ ಬಲಕ್ಕೆ. ಹಿಂದೆ ಕೂತವನ ಕೈಯಲ್ಲಿ ಹ್ಯಾಂಡಲ್ ಇಲ್ಲ, ಬ್ರೇಕ್ ಇಲ್ಲ. ಇದ್ದದ್ದು ದನಿ ಒಂದೇ, ಅದು ಬೇಕಾದಾಗ ಬರುವುದಿಲ್ಲ ಎಂಬುದು ನನಗೆ ಗೊತ್ತಾಗಿಹೋಗಿತ್ತು. ಅದಕ್ಕೆ ಬೇಡದಾಗಲೂ ಮಾತಾಡುತ್ತಲೇ ಇದ್ದೆ, ಗಂಟಲು ಕಟ್ಟದಿರಲೆಂದು. ಗಿರಿಜಾ ಬೆಳಿಗ್ಗೆ ನಗುತ್ತಿದ್ದಳು, ಮಧ್ಯಾಹ್ನ ಸುಮ್ಮನಾದಳು.

ಸಂಜೆಯಾಗುವ ಮುಂಚೆ, ಎರಡೂ ಕಡೆ ಗೋಧಿ ಹೊಲಗಳಿದ್ದ ಒಂದು ನೇರ ರಸ್ತೆಯಲ್ಲಿ, ಕಿವಿಯೊಳಗೆ ಅವಳ ದನಿ ಬಂತು.

"ರೀ, ನಿನ್ನಿ ಹೇಳಿದ್ದು ನೀವಲ್ಲ."

ರಸ್ತೆಯಿಂದ ಕಣ್ಣು ತೆಗೆಯದೆ ಅವಳೇ ಮುಂದುವರಿಸಿದಳು.

"ಮುಂಜಾನಿಂದ ಕೇಳ್ಲಿಕತ್ತೀನಿ. ನಿಮ್ಮ ದನಿಯಾಗ ಹೆದರಿಕಿ ಅದ. ಅದರಾಗ ಹೆದರಿಕಿ ಇರಲಿಲ್ಲ."

ಮತ್ತೆ ಯಾರ ದನಿ ಎಂದು ಕೇಳಬೇಕಿತ್ತು. ಕೇಳಲಾಗಲಿಲ್ಲ. ಅವಳೂ ಹೇಳಲಿಲ್ಲ, ಅಂದಿನಿಂದ ಇಂದಿನವರೆಗೂ ನಾವಿಬ್ಬರೂ ಆ ಮಾತು ಎತ್ತಿಲ್ಲ. ನಾನು ಮಾಡಿಕೊಂಡಿದ್ದ ಉತ್ತರ ಆ ಹೊಲಗಳ ನಡುವೆಯೇ ಉಳಿಯಿತು, ಇನ್ನೊಂದು ನನಗೆ ಸಿಕ್ಕಿಲ್ಲ. ದೂರದಲ್ಲಿ ಒಂದು ವೃತ್ತ ಕಾಣಿಸಿತು. ಮೈಕನ್ನು ತುಟಿಯ ಹತ್ತಿರಕ್ಕೆ ಎಳೆದುಕೊಂಡು, ಆದಷ್ಟೂ ಸಮಾಧಾನವಾಗಿ, "ಗಿರಿಜಾ, ಬಲಕ್ಕೆ," ಅಂದೆ. ನನ್ನ ದನಿ ನಡುಗಿದ್ದು ನನಗೇ ಕೇಳಿಸಿತು.