ಬಚ್ಚಲ ಗೋಡೆಯೊಳಗಿನ ಸ್ಪ್ರೇ ಪೈಪು

ಹೋದ ಮಂಗಳವಾರ ನಮ್ಮ ಬಚ್ಚಲಲ್ಲಿ ಪ್ಲಂಬರ್ ಉಳಿ, ಸುತ್ತಿಗೆ ಹಿಡಿದು ನಿಂತಿದ್ದ. ನಾನು ಬಾಗಿಲಲ್ಲಿ ನಿಂತಿದ್ದೆ. ಬೇಡ ಅನ್ನಬೇಕು. ಬಾಯಿಗೆ ಮಾತು ಬರುತ್ತಿಲ್ಲ.

(ಮೊಮ್ಮಕ್ಕಳೇ, ನಿಮ್ಮಜ್ಜಿಗೆ ಇದು ಹೊಸದಲ್ಲ. ನಮ್ಮೂರು ಜಾವಳಿಯ ಶಾಲೆಯಲ್ಲಿ ಹಾಜರಿ ಕೂಗಿದಾಗ ನನ್ನ ಬದಲು ಪಕ್ಕದವಳು "ಬಂದಿದ್ದಾಳೆ ಸಾರ್" ಅನ್ನುತ್ತಿದ್ದಳು.)

ಆಗಿದ್ದಿಷ್ಟು. ನನ್ನ ಬಲಗೈ ಈಗ ಭುಜದಿಂದ ಮೇಲೆ ಏಳುವುದಿಲ್ಲ. ತಲೆಗೆ ಚೊಂಬು ಎತ್ತಲಾಗದು. ಮೇಲಿನ ಹಳೇ ಶವರಿನ ತೂತುಗಳು ಕಟ್ಟಿಕೊಂಡು ವರ್ಷಗಳಾಗಿವೆ. ಅದಕ್ಕೇ ಮಗಳು ಕೈಯಲ್ಲಿ ಹಿಡಿಯುವ ಹೊಸ ಶವರ್ ತಂದಳು. ಪ್ಲಂಬರ್ ಹಳೆಯದನ್ನು ಬಿಚ್ಚಿ ಹೊಸದನ್ನು ತಿರುಗಿಸಿದ. ಎರಡು ಸುತ್ತು ಹೋಗಿ ಕಚ್ಚಿಕೊಂಡಿತು. ಟೇಪ್ ಸುತ್ತಿದ. ನೀರು ಬಿಟ್ಟರೆ ಬುಡದಲ್ಲೇ ಚಿಮ್ಮಿತು. ಥ್ರೆಡ್ಡೇ ಬೇರೆ, ಇಂಥ ಪೈಪನ್ನು ನಾನು ನೋಡಿಯೇ ಇಲ್ಲ, ಗೋಡೆ ಒಡೆದು ಹೊಸ ಲೈನ್ ಎಳೆಯೋಣ ಅಂದ. ಮಗಳು ಹೂಂ ಅಂದಳು.

ಅವರಿಗೇನು ಗೊತ್ತು? ಅದು ಬಚ್ಚಲಿನ ಪೈಪೇ ಅಲ್ಲ.

ನಿಮ್ಮಜ್ಜ ಎಸ್ಟೇಟಿನಲ್ಲಿ ಸ್ಪ್ರೇ ಮೇಸ್ತ್ರಿ. ಕಾಫಿಗೆ ಕೊಳೆರೋಗ ಬರದಂತೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಸುವುದು ಅವರ ಕೆಲಸ. ಮದುವೆಯಾದ ಹೊಸದರಲ್ಲಿ ನಾನೊಮ್ಮೆ ಎಸ್ಟೇಟ್ ಸಾಹುಕಾರರ ಬಂಗಲೆಯ ಬಚ್ಚಲು ತೊಳೆಯಲು ಹೋಗಿದ್ದೆ. ಬಂದು, ಅಲ್ಲಿ ನೀರು ಮಳೆ ಹಾಗೆ ಮೇಲಿಂದ ಬರುತ್ತೆ ಅಂದೆ. ಅಷ್ಟೇ. ಈ ಮನೆ ಕಟ್ಟುವಾಗ ಅವರು ಸಾಹುಕಾರರನ್ನು ಕೇಳಿ, ಮೂಲೆಗೆ ಬಿದ್ದಿದ್ದ ಸ್ಪ್ರೇ ಲೈನಿನ ಪೈಪು ತಂದು ಗೋಡೆಯೊಳಗೆ ಕೂರಿಸಿದರು. ತುದಿಗೆ, ನರ್ಸರಿಯಲ್ಲಿ ಸಸಿಗೆ ನೀರು ಹಾಕುವ ಡಬ್ಬಿಯ ತೂತಿನ ಮೂತಿಯನ್ನು ಸ್ಪ್ರೇ ನಟ್ಟಿಗೆ ಬೆಸೆದು ಹಾಕಿದರು. ಬಂಗಲೆ ಬಿಟ್ಟರೆ ಶವರ್ ಇದ್ದದ್ದು ನಮ್ಮಲ್ಲೇ!

ಪೈಪು ತೊಳೆಯುವುದನ್ನು ಮಾತ್ರ ಮರೆತಿದ್ದರು. ಮೊದಲ ದಿನ ನನ್ನ ತಲೆಗೆ ಬಿದ್ದದ್ದು ಮೈಲುತುತ್ತದ ನೀಲಿ ನೀರು. ನಾನು ಹೌಹಾರಿದೆ. ಹೊರಗಿನಿಂದ ಅವರ ದನಿ: "ಇನ್ನು ನಿಂಗೆ ಕೊಳೆರೋಗ ಬರಲ್ಲ ಬಿಡು ಮಾರಾಯ್ತಿ."

ಅವರು ಹೋಗಿ ಹನ್ನೊಂದು ವರ್ಷ. ಹೆಂಚು ಬದಲಾಯಿತು, ನೆಲ ಬದಲಾಯಿತು, ಬಾಗಿಲು ಬದಲಾಯಿತು. ಅವರು ಕೈಯಾರೆ ಮಾಡಿದ್ದರಲ್ಲಿ ಉಳಿದದ್ದು ಗೋಡೆಯೊಳಗಿನ ಆ ಪೈಪೊಂದೇ.

ಉಳಿ ಗೋಡೆಗೆ ತಾಗಿತು. ಮೊದಲ ಪೆಟ್ಟಿಗೆ ಗಾರೆ ಉದುರಿತು.

"ಒಡೀಬೇಡ. ಅದು ಸ್ಪ್ರೇ ಪೈಪು. ನಮ್ಮನೆಯವ್ರು ಹಾಕಿದ್ದು."

ಮಗಳು ತಿರುಗಿ ನೋಡಿದಳು. ನನಗೆ ಅಷ್ಟು ದೊಡ್ಡ ದನಿ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. (ನನಗೂ.)

ಆಲ್ದೂರಿನಲ್ಲಿ ಸ್ಪ್ರೇ ಪಂಪು ರಿಪೇರಿ ಮಾಡುವ ಹಮೀದಣ್ಣನ ಹತ್ತಿರ ಹೋಗು ಅಂದೆ. ಪ್ಲಂಬರ್ ಗೊಣಗುತ್ತಾ ಹಳೇ ಮೂತಿ ಹಿಡಿದು ಹೋದ. ಹಮೀದಣ್ಣ ಅಳತೆ ಕೂಡ ತೆಗೆಯಲಿಲ್ಲವಂತೆ. ಥ್ರೆಡ್ಡಿನ ಮೇಲೆ ಉಗುರಾಡಿಸಿ, ಇದನ್ನು ಬಚ್ಚಲಿಗೆ ಹಾಕಿದ ಪುಣ್ಯಾತ್ಮ ಯಾರು ಅಂತ ನಕ್ಕರಂತೆ. ಲೇತ್ ಯಂತ್ರದಲ್ಲಿ ಹೆಬ್ಬೆರಳುದ್ದದ ಹಿತ್ತಾಳೆ ತುಂಡೊಂದನ್ನು ಕಡೆದುಕೊಟ್ಟರು. ಒಂದು ತುದಿಗೆ ಸ್ಪ್ರೇ ಥ್ರೆಡ್, ಇನ್ನೊಂದಕ್ಕೆ ಹೊಸ ಶವರಿನ ಅರ್ಧ ಇಂಚಿನದು. ಕೂತಿತು. ಹನಿ ಸೋರಲಿಲ್ಲ. ಬುಧವಾರ ನನ್ನ ಭುಜಕ್ಕೆ ಬಿಸಿನೀರು ಬಿತ್ತು.

ಮೊದಲೇ ಹೇಳೋಕೇನಾಗಿತ್ತಮ್ಮ ಅಂದಳು ಮಗಳು.

ಏನು ಹೇಳಲಿ? ಆ ಶವರ್ ನನಗೆಷ್ಟು ಇಷ್ಟವಾಗಿತ್ತೆಂದು ನಿಮ್ಮಜ್ಜನಿಗೂ ನಾನು ಹೇಳಿರಲಿಲ್ಲ. ಗೋಡೆಗೆ ಪೆಟ್ಟು ಬಿದ್ದರೆ ಬರುವ ಮಾತು, ಮನುಷ್ಯ ಎದುರಿಗಿದ್ದಾಗ ಯಾಕೆ ಬರುವುದಿಲ್ಲ?