ಚಿಕ್ಕಮ್ಮನ ಹಿಮ್ಮಡಿಯ ಕೋಡ್

ಮಂಡ್ಯದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಾಯಿಲೆಗಳಿಗೆ ಕೋಡ್ ಹಾಕುವುದು ನನ್ನ ಕೆಲಸ. ಡಾಕ್ಟರು ಬರೆದದ್ದನ್ನು ಓದಿ, ಅದಕ್ಕೆ ಹೊಂದುವ ಅಕ್ಷರ, ಅಂಕಿ ಹುಡುಕಿ ಇನ್ಶೂರೆನ್ಸಿನವರಿಗೆ ಕಳಿಸಬೇಕು. ಕಾಲಿನ ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗದಲ್ಲಿ ಸವೆದು ಊದಿಕೊಂಡರೆ ಎಂ ಎಪ್ಪತ್ತಾರು. ಹಿಮ್ಮಡಿಯ ಆ ರಜ್ಜೇ ಏಟಿಗೆ ಹರಿದರೆ ಎಸ್ ಎಂಬತ್ತಾರು. ಗದ್ದೆ, ಕಬ್ಬು, ಹಸು ಅಂತ ದುಡಿಯುವ ನಮ್ಮ ಕಡೆಯ ಹಿಮ್ಮಡಿಗಳಿಗೆಲ್ಲ ಮೊದಲನೆಯದನ್ನು ಹಾಕಿ ಹಾಕಿ ನನಗೆ ಬಾಯಿಪಾಠವಾಗಿದೆ. ಕೊಪ್ಪದಿಂದ ಬಂದು ಸೇರಿದ್ದ ನನ್ನ ಚಿಕ್ಕಮ್ಮನಿಗೂ, ಡಾಕ್ಟರು ಹಳೇ ನೋವು ಅಂತ ಬರೆದಿದ್ದರಿಂದ, ಅದನ್ನೇ ಹಾಕಿ ಕಳಿಸಿದ್ದೆ.

ಮಧ್ಯಾಹ್ನ ಇನ್ಶೂರೆನ್ಸಿನವರಿಂದ ಅದು ವಾಪಸ್ ಬಂತು. ಸವೆತ ಅಂದರೆ ಹಳೇ ಕಾಯಿಲೆ, ಪಾಲಿಸಿ ಹೊಸದು, ಒಪ್ಪಲಾಗದು. ಬಿದ್ದು ಆದದ್ದಾದರೆ ಡಾಕ್ಟರು ಸಂಜೆಯೊಳಗೆ ಬರೆದುಕೊಡಲಿ. ಮಾರನೇ ಬೆಳಿಗ್ಗೆ ಆಪರೇಷನ್ ಇತ್ತು. ಸ್ಕ್ಯಾನಿನಲ್ಲಿ ರಜ್ಜು ಹರಿದು ಎರಡೂ ತುದಿ ದೂರ ಸರಿದಿದ್ದವು. ತಡವಾದಷ್ಟೂ ಸೇರಿಸುವುದು ಕಷ್ಟ.

ಡಾಕ್ಟರ ಹತ್ತಿರ ಓಡಿದೆ. ಬಿದ್ದಿಲ್ಲ, ಹಳೇ ನೋವು ಅಂತ ಗಂಡನೇ ಹೇಳಿದ್ದಾರೆ, ಆಕೆ ಬೇರೆ ಹೇಳಿದರೆ ಬಂದು ನೋಡಿ ಬರೆಯುತ್ತೇನೆ, ನೆಂಟರವಳು ಅಂತ ನಿನ್ನ ಮಾತು ಕೇಳಿ ಬರೆಯಲಾಗದು ಅಂದರು. ಅವರದೇನೂ ತಪ್ಪಿರಲಿಲ್ಲ. ಕೋಡ್ ಬದಲಿಸುವುದು ನನಗೆ ಚಿಟಿಕೆ ಹೊಡೆದಷ್ಟು ಸುಲಭ. ಆದರೆ ಅವರು ಬರೆಯದ್ದನ್ನು ನಾನು ಹಾಕಿದರೆ ಅದು ಕಳ್ಳತನ.

ವಾರ್ಡಿನಲ್ಲಿ ಚಿಕ್ಕಮ್ಮನನ್ನು ಏನು ಕೇಳಿದರೂ ಉತ್ತರ ಚಿಕ್ಕಪ್ಪನದು. ಗಂಡ ಪಕ್ಕದಲ್ಲಿರುವಾಗ ಹೆಂಗಸು ಡಾಕ್ಟರಿಗೆ ತಾನೇ ಹೇಳಿದರೆ ಬಾಯಿ ಜಾಸ್ತಿ ಅನ್ನುವ ಊರು ನಮ್ಮದು. ಬಿದ್ದಳಾ ಅಂದೆ. ಇಲ್ಲವೇ ಇಲ್ಲ ಅಂದರು. ನನಗೆ ಮೈ ಉರಿದು, ಹೊದಿಕೆ ಸರಿಸಿ ಕಾಲು ನೋಡಿದೆ. ಬಿಗಿದು ಕಟ್ಟಿದ ಬಟ್ಟೆಯ ಗೆರೆ ಚರ್ಮದಲ್ಲಿ ಇನ್ನೂ ಇತ್ತು. ಉಗುರಿನ ಸಂದಿಯಲ್ಲಿ ಸೊಪ್ಪಿನ ಹಸಿರು. ಸೊಪ್ಪು ಅರೆದು ಬಿಗಿಯುವ ನಾಟಿ ಕಟ್ಟನ್ನು ನಮ್ಮಲ್ಲಿ ಬಿದ್ದು ಪೆಟ್ಟಾದರೆ ಹಾಕಿಸುತ್ತಾರೆ, ಹಳೇ ನೋವಿಗೆ ಯಾರೂ ಹಾಕಿಸುವುದಿಲ್ಲ. ಕೊಪ್ಪದ ಸುತ್ತಮುತ್ತ ಕಟ್ಟು ಕಟ್ಟುವವರು ಚಿಕ್ಕಪ್ಪನ ಅಣ್ಣನೇ. ಆಸ್ಪತ್ರೆಗೆ ಹೊರಡುವ ಮುಂಚೆ ಅದನ್ನು ಬಿಚ್ಚಿ, ಸೋಪು ಹಾಕಿ ತೊಳೆದು ಕರೆತಂದಿದ್ದಾರೆ.

ಅದನ್ನೇ ಅಂದಾಗ ಚಿಕ್ಕಪ್ಪನ ಮುಖ ಇಳಿದುಹೋಯಿತು. "ನಮ್ಮಣ್ಣನ್ ಎಸ್ರು ಬರ್ಕತಾರೆ ಕಣವ್ವ. ಲೈಸನ್ಸ್ ಇಲ್ದೆ ಕಟ್ಟು ಕಟ್ತಾನೆ ಅಂತ ನಾಳೆ ಪೊಲೀಸು ಗಿಲೀಸು ಬಂದ್ರೆ?"

ಆ ಹೆಸರು ಯಾರಿಗೂ ಬೇಕಿಲ್ಲ ಅಂದೆ. ನಂಬಲಿಲ್ಲ. ಗೋಡೆಯ ಗಡಿಯಾರದಲ್ಲಿ ಸಂಜೆ ಹತ್ತಿರವಾಗುತ್ತಿತ್ತು. ಆಗ, ಆಸ್ಪತ್ರೆಗೆ ಬಂದ ದಿನದಿಂದ ತುಟಿ ಬಿಚ್ಚದ ಚಿಕ್ಕಮ್ಮ ಮಾತಾಡಿದಳು. "ಉಲ್ಲಿನ್ ಒರೆ ಒತ್ಕಂಡು ಗದ್ದೆ ಬದಿನ್ ಮೇಲಿಂದ ಬಿದ್ದೆ ಕಣವ್ವ. ಇಮ್ಮಡೀಲಿ ಪಟ್ ಅಂತು. ಡಾಕ್ಟ್ರುನ್ನ ಕರಿ."

ಡಾಕ್ಟರು ಬಂದರು. ಚಿಕ್ಕಪ್ಪ ಬಾಯಿ ತೆರೆಯುವಷ್ಟರಲ್ಲಿ ಅವಳು ಕೈ ಅಡ್ಡ ಹಿಡಿದು, ಬಿದ್ದದ್ದು, ಕಟ್ಟು, ತೊಳೆದದ್ದು ಎಲ್ಲ ಹೇಳಿದಳು. ಅವರು ಬೈಯಲಿಲ್ಲ. ಮೀನಖಂಡ ಹಿಚುಕಿ ಪಾದ ಅಲ್ಲಾಡುತ್ತದಾ ಅಂತ ನೋಡಿದರು, ಬೀಳುವ ಮುಂಚೆ ಅಲ್ಲಿ ನೋವಿತ್ತಾ ಅಂತ ಅವಳನ್ನೇ ಕೇಳಿದರು, ಇಲ್ಲ ಅಂದ ಮೇಲೆ ಬರೆದುಕೊಟ್ಟರು. ಎಸ್ ಎಂಬತ್ತಾರು ಒತ್ತಿದೆ. ಕಳಿಸಿದ ಮೇಲೆ ಕಂಪ್ಯೂಟರಿನ ಮುಂದಿಂದ ಏಳಲೇ ಇಲ್ಲ. ಹೊತ್ತು ಮುಳುಗುವ ವೇಳೆಗೆ ಒಪ್ಪಿಗೆ ಬಂತು.

ಹೇಳಲು ವಾರ್ಡಿಗೆ ಓಡಿದೆ. ಚಿಕ್ಕಪ್ಪ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡರು. ನರ್ಸಮ್ಮ ಬಂದು, ಈಗ ನೋವಿದೆಯಾ ಅಂತ ಚಿಕ್ಕಮ್ಮನನ್ನು ಕೇಳಿದರು.

"ಈಗೇನಿಲ್ಲ ಬುಡಮ್ಮ," ಅಂದರು ಚಿಕ್ಕಪ್ಪ.

"ಐತೆ," ಅಂದಳು ಚಿಕ್ಕಮ್ಮ. "ಬಿದ್ದ ದಿನದಿಂದ್ಲೂ ಐತೆ. ಇವತ್ತಿನ್ಗಂಟ ಯಾರೂ ನನ್ ಕೇಳ್ನಿಲ್ಲ."